ಮೂವತ್ತೊಂದನೇ ತಾರೀಖು ಎಲ್ಲಿ ಹೋಯ್ತು?

ಕೇಳುಗರೆಲ್ಲರಿಗೂ ನಮಸ್ಕಾರ.

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮ್ಯಾಟೊ ಮಂಡಿಯ ಲೆಕ್ಕದ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. 2023ರ ಜುಲೈ ನಿಮಗೆ ನೆನಪಿರಬೇಕು. 15 ಕೆಜಿಯ ಬಾಕ್ಸ್ 2,000 ರೂಪಾಯಿ ದಾಟಿದ ತಿಂಗಳು. ಟೊಮ್ಯಾಟೊ ತೋಟಕ್ಕೆ ಜನ ರಾತ್ರಿ ಕಾವಲು ಕೂತ ತಿಂಗಳು.

ಆಗಸ್ಟ್ ಮೊದಲ ವಾರ ಮುಳಬಾಗಿಲು ಕಡೆಯ ಹಿರಿಯ ರೈತರೊಬ್ಬರು ಬಂದರು. "ಜುಲೈ ಲೆಕ್ಕ ಪೂರ್ತಿ ಒಂದೇ ಹಾಳೇಲಿ ಕೊಡಪ್ಪಾ" ಅಂದರು. ಪ್ರಿಂಟ್ ತೆಗೆದು ಕೊಟ್ಟೆ. ಅವರು ಜೇಬಿನಿಂದ ಚೀಟಿಗಳ ಕಟ್ಟು ತೆಗೆದು, ರಬ್ಬರ್ ಬ್ಯಾಂಡ್ ಬಿಚ್ಚಿ, ಒಂದೊಂದೇ ತಾಳೆ ನೋಡಿದರು. ಕೊನೆಗೆ ಒಂದು ಚೀಟಿ ಕೈಯಲ್ಲೇ ಉಳಿಯಿತು.

"ಮೂವತ್ತೊಂದನೇ ತಾರೀಖು ಹಾಕಿದ 38 ಬಾಕ್ಸ್ ಇದರಲ್ಲಿ ಇಲ್ವಲ್ಲಪ್ಪಾ?"

ಆ ಚೀಟಿ ಕೊಟ್ಟದ್ದೂ ನನ್ನ ಕಂಪ್ಯೂಟರೇ. ದುಡ್ಡು ಅವರಿಗೆ ಸಂದಿತ್ತು. ತಿಂಗಳ ಹಾಳೆಯಲ್ಲಿ ಮಾತ್ರ ಆ ಸಾಲಿಲ್ಲ.

ಡೇಟಾಬೇಸ್ ಅಂದರೆ ದೊಡ್ಡದೊಂದು ರಿಜಿಸ್ಟರ್. ಅದನ್ನು ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್. ನಾನು ಕೇಳಿದ್ದು ಇಷ್ಟೇ: ತಾರೀಖು 'ಬಿಟ್ವೀನ್' ಜುಲೈ 1 'ಆ್ಯಂಡ್' ಜುಲೈ 31. ಬಿಟ್ವೀನ್ ಎರಡೂ ತುದಿಗಳನ್ನು ಸೇರಿಸಿಕೊಳ್ಳುತ್ತದೆ. ಮತ್ತೇಕೆ ಹೀಗಾಯಿತು? ನಮ್ಮ ಕಾಲಂನಲ್ಲಿ ತಾರೀಖಿನ ಜೊತೆಗೆ ಗಂಟೆ, ನಿಮಿಷ, ಸೆಕೆಂಡೂ ಇದ್ದವು. ಅಂಥ ಕಡೆ ಬರೀ 'ಜುಲೈ 31' ಎಂದರೆ ಇಡೀ ದಿನವಲ್ಲ, ಆ ದಿನ ಹುಟ್ಟುವ ಕ್ಷಣ. ಮಧ್ಯರಾತ್ರಿ ಸೊನ್ನೆ ಗಂಟೆ. ಅವರ 38 ಬಾಕ್ಸ್ ಹರಾಜಾಗಿದ್ದು ಬೆಳಿಗ್ಗೆ 9:40ಕ್ಕೆ. ಗೆರೆಯಿಂದ ಆಚೆ. ಕೆಂಪು ಅಕ್ಷರದಲ್ಲಿ 'ತಪ್ಪು' ಅಂತಲೂ ಬರುವುದಿಲ್ಲ. ಸುಮ್ನೆ ಒಂದು ದಿನ ನುಂಗಿ ಕೂತಿರುತ್ತದೆ.

ನಮ್ಮ 'ವರೆಗೆ' ಅನ್ನೋ ಮಾತೇ ನೋಡಿ. ಚೌಟ್ರಿ 31ರವರೆಗೆ ಬುಕ್ ಆಗಿದೆ ಎಂದರೆ 31ನೇ ತಾರೀಖೂ ಸಿಗಲ್ಲ ಅಂತ. ಅಂಗಡಿ ರಾತ್ರಿ 8ರವರೆಗೆ ಎಂದರೆ 8 ಹೊಡೆಯುತ್ತಲೇ ಷಟರ್ ಕೆಳಗೆ. ತಾರೀಖಿಗೆ ಒಂದು ಲೆಕ್ಕ, ಗಡಿಯಾರಕ್ಕೆ ಇನ್ನೊಂದು. ನಮಗೆ ಗೊಂದಲವೇ ಇಲ್ಲ, ಅಲ್ವಾ? ನಾನು ತಾರೀಖಿನ ಲೆಕ್ಕದಲ್ಲಿ ಕೇಳಿದ್ದೆ, ಕಂಪ್ಯೂಟರ್ ಗಡಿಯಾರದ ಲೆಕ್ಕದಲ್ಲಿ ಉತ್ತರ ಕೊಟ್ಟಿತ್ತು.

ಮೊದಲು ಒಂದು ತೇಪೆ ಹಾಕಿದೆ. ಕೊನೆಯ ತುದಿಗೆ 23 ಗಂಟೆ 59 ನಿಮಿಷ 59 ಸೆಕೆಂಡ್ ಸೇರಿಸಿದೆ. ಬಹಳ ಜನ ಹಾಗೇ ಮಾಡುತ್ತಾರೆ. ಆದರೆ ಸೆಕೆಂಡಿಗೂ ಚೂರುಗಳಿವೆ. ಆ ಕೊನೆಯ ಸೆಕೆಂಡಿನ ಅರ್ಧದಲ್ಲಿ ಬಂದ ಸಾಲು ಮತ್ತೆ ಹೊರಗೆ. ಹೋಗಲಿ ಅಂತ ಪಾಯಿಂಟ್ 999 ಬರೆದರೆ, ಮೈಕ್ರೋಸಾಫ್ಟ್ ಕಂಪನಿಯ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್‌ನ ಹಳೆಯ ಡೇಟ್‌ಟೈಮ್ ಎಂಬ ಕಾಲಂ ಬಗೆ ಅದನ್ನು ಮರುದಿನದ ಸೊನ್ನೆ ಗಂಟೆಗೆ ದೂಡಿಬಿಡುತ್ತದೆ!

ಸರಿಯಾದ ದಾರಿ ಸುಲಭವಾಗಿದೆ. ಜುಲೈ 1 ಅಥವಾ ಅದರ ನಂತರದ್ದು, ಆದರೆ ಆಗಸ್ಟ್ 1ಕ್ಕಿಂತ ಮುಂಚಿನದು. ಶುರುವಿನ ತುದಿ ಒಳಗೆ, ಕೊನೆಯ ತುದಿ ಹೊರಗೆ. ಫೆಬ್ರವರಿಗೆ 28 ದಿನವೋ 29 ದಿನವೋ ಎಂಬ ತಲೆನೋವೂ ಇಲ್ಲ, ಮಾರ್ಚ್ 1ಕ್ಕಿಂತ ಮುಂಚೆ ಎಂದರೆ ಮುಗಿಯಿತು. ಕಾಲಂನಿಂದ ಗಂಟೆ ಕತ್ತರಿಸಿ ಬರೀ ತಾರೀಖು ಹೋಲಿಸಿದರೂ ಉತ್ತರ ಸರಿಯೇ. ಆದರೆ ಆಗ ಇಂಡೆಕ್ಸ್, ಅಂದರೆ ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ ಪಟ್ಟಿ, ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ. ಲಕ್ಷ ಸಾಲಿದ್ದರೆ ಲಕ್ಷವನ್ನೂ ತಿರುವಿ ಹಾಕಬೇಕು.

ಇನ್ನೊಂದು ಕಿತಾಪತಿಯೂ ಇತ್ತು. ನಮ್ಮ ಸರ್ವರ್ ಸಮಯ ಬರೆದಿಡುವುದು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ನಮ್ಮಲ್ಲಿ ಗಾಡಿಗಳು ಬೆಳಕು ಹರಿಯುವ ಮುಂಚೆಯೇ ಬಂದು ನಿಲ್ಲುತ್ತವೆ. ಆಗಸ್ಟ್ 1ರ ಬೆಳಗಿನ ಜಾವ 5ಕ್ಕೆ ಇಳಿಸಿದ ಲೋಡ್ ಅಲ್ಲಿ ಜುಲೈ 31ರ ರಾತ್ರಿ 11:30 ಅಂತ ಕೂತಿರುತ್ತದೆ. ಹಾಗಾಗಿ ನಮ್ಮ ಜುಲೈ ಬೇಕೆಂದರೆ ಜೂನ್ 30ರ ಸಂಜೆ 6:30ರಿಂದ ಕೇಳಬೇಕು. ಕೊನೆಯ ತುದಿಯನ್ನೂ ಹಾಗೇ ಸರಿಸಬೇಕು. ಪಂಚಾಂಗದಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಮಂಡಿಗೆ ಅದೇ ಜಾಸ್ತಿ ಒಗ್ಗುತ್ತಿತ್ತೇನೋ!

ಹೊಸ ಪ್ರಿಂಟ್ ಕೊಟ್ಟೆ. ಅವರು ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "38, ಸರಿ" ಅಂದರು. ನಾನು ಉಸಿರು ಬಿಡುವಷ್ಟರಲ್ಲಿ ಚೀಲಕ್ಕೆ ಕೈ ಹಾಕಿ ನಾಲ್ಕು ಮಡಿಕೆಯ ಇನ್ನೊಂದು ಹಾಳೆ ತೆಗೆದರು. ಜೂನ್ ತಿಂಗಳದ್ದು, ನಾನೇ ಕೊಟ್ಟಿದ್ದು.

"ಇದನ್ನೂ ಒಂದ್ಸಲ ನೋಡಿಬಿಡಪ್ಪಾ."

ಬಿಡಿಸಿ ನೋಡಿದೆ. ಕೊನೆಯ ಸಾಲು 29ನೇ ತಾರೀಖಿನದು.

ನಮಸ್ಕಾರ.