ಫೈಲು ಹೋಯಿತೆ? ಮೊದಲು ಮೌಸಿನಿಂದ ಕೈ ತೆಗೆಯಿರಿ

ಕೇಳುಗರಿಗೆಲ್ಲ ನಮಸ್ಕಾರ.

ಮಳೆಗಾಲ ಬಂತೆಂದರೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಗೂ ಕರೆಂಟು ಯಾವ ಹೊತ್ತಿಗೆ ಹೋಗುತ್ತದೆ ಎಂದು ಹೇಳುವ ಹಾಗಿಲ್ಲ. ಸಂಘದ ವಾರ್ಷಿಕ ವರದಿಯೋ, ಮಗಳ ಕಾಲೇಜಿನ ಪ್ರಾಜೆಕ್ಟೋ, ಯಕ್ಷಗಾನ ಪ್ರಸಂಗದ ಪ್ರತಿಯೋ ಅರ್ಧ ಟೈಪ್ ಆಗಿರುತ್ತದೆ. ಪಟ್ಟನೆ ಪರದೆ ಕಪ್ಪು. ಮತ್ತೆ ಕರೆಂಟು ಬಂದು ನೋಡಿದರೆ ಬರೆದದ್ದು ಕಾಣುವುದಿಲ್ಲ. ಆಗ ಏನು ಮಾಡಬೇಕು ಎನ್ನುವುದಕ್ಕೆ ಈ ಹತ್ತು ನಿಮಿಷ.

ಮೊದಲ ಮಾತು, ಮುಖ್ಯವಾದ ಮಾತು: ಮೌಸಿನಿಂದ ಕೈ ತೆಗೆಯಿರಿ. ಏನನ್ನೂ ಸೇವ್ ಮಾಡಬೇಡಿ, ಡೌನ್‌ಲೋಡ್ ಮಾಡಬೇಡಿ, ಹೊಸ ಸಾಫ್ಟ್‌ವೇರ್ ಹಾಕಬೇಡಿ.

ಯಾಕೆ? ಅಡಿಕೆ ಸೊಸೈಟಿಯ ಗೋದಾಮು ನೆನಪು ಮಾಡಿಕೊಳ್ಳಿ. ನಿಮ್ಮ ಚೀಲದ ಲೆಕ್ಕವನ್ನು ಯಾರೋ ರಿಜಿಸ್ಟರಿನಿಂದ ಹೊಡೆದುಹಾಕಿದರು. ಚೀಲ ಇದ್ದಲ್ಲೇ ಇದೆ, ಪುಸ್ತಕದಲ್ಲಿ ಮಾತ್ರ ಆ ಜಾಗ ಖಾಲಿ ಎಂದಿದೆ. ಬೇರೆಯವರ ಚೀಲ ಅಲ್ಲಿಗೆ ಬಂದು ಕೂತ ಮೇಲೆ ನಿಮ್ಮದು ಹೋಯಿತು. ಹಾರ್ಡ್ ಡಿಸ್ಕಿನಲ್ಲಿ ಫೈಲು ಅಳಿಸಿದಾಗ ಆಗುವುದೂ ಇದೇ. ಅಕ್ಷರಗಳು ಅಲ್ಲೇ ಇರುತ್ತವೆ, ಜಾಗ ಖಾಲಿ ಎಂಬ ಗುರುತು ಬೀಳುತ್ತದೆ. ನೀವು ಹೊಸದಾಗಿ ಬರೆಯುವ ಒಂದೊಂದು ಫೈಲೂ ಆ ಜಾಗಕ್ಕೆ ಬಂದು ಕೂರಬಹುದು.

ಶಿರಸಿ ಹತ್ತಿರದ ಒಂದು ಮನೆಯಲ್ಲಿ ಏನಾಯಿತು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಮನೆಯ ಸೊಸೆ ತಮ್ಮ ಅತ್ತೆ ಹೇಳುತ್ತಿದ್ದ ಮದುವೆ ಹಾಡುಗಳನ್ನು ಟೈಪ್ ಮಾಡುತ್ತಿದ್ದರು. ಎಣ್ಣೆ ಅರಿಶಿನದ ಹಾಡು, ಹಸೆಗೆ ಕರೆಯುವ ಹಾಡು, ಆರತಿ ಹಾಡು, ಒಟ್ಟು 14. ಅತ್ತೆಗೆ ಕಣ್ಣು ಮಂಜು, ಹಾಡು ಮಾತ್ರ ಬಾಯಿಪಾಠ. ಕಂಪ್ಯೂಟರು ಹಳೆಯದು, ವರ್ಡ್ 2003, ಅಕ್ಷರ 'ನುಡಿ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನದು. ಮೂರು ದಿನದಿಂದ ಫೈಲು ತೆರೆದೇ ಇತ್ತು, ಹೆಸರು ಕೊಟ್ಟು ಸೇವ್ ಮಾಡಿರಲಿಲ್ಲ. ಮೂರನೇ ದಿನ ಮಧ್ಯಾಹ್ನ ಗುಡುಗು, ಕರೆಂಟು ಹೋಯಿತು.

ಕರೆಂಟು ಬಂದ ಮೇಲೆ ವರ್ಡ್ ತೆರೆದರು. ಎಡಗಡೆ ಡಾಕ್ಯುಮೆಂಟ್ ರಿಕವರಿ ಎಂದು ಒಂದು ಪಟ್ಟಿ ಬಂತು. ಹಾಡುಗಳು ಅದರಲ್ಲೇ ಇದ್ದವು! ಅವರಿಗೆ ಅದು ಏನೆಂದು ಗೊತ್ತಿಲ್ಲ, ಕ್ಲೋಸ್ ಒತ್ತಿದರು. ವರ್ಡ್ ಮತ್ತೆ ಕೇಳಿತು: ಈ ಫೈಲುಗಳನ್ನು ಆಮೇಲೆ ನೋಡುತ್ತೀರಾ, ತೆಗೆದುಹಾಕಲೇ? ಗಾಬರಿಯಲ್ಲಿ ಎರಡನೆಯದನ್ನು ಒತ್ತಿದರು. ಹಾಗೆ ತೆಗೆದುಹಾಕಿದ್ದು ರಿಸೈಕಲ್ ಬಿನ್ನಿಗೂ ಹೋಗುವುದಿಲ್ಲ. ಆಮೇಲೆ ಪಕ್ಕದ ಮನೆಯ ಹುಡುಗ ಸಹಾಯಕ್ಕೆ ಬಂದ. ಫೈಲು ವಾಪಸ್ ತರುವ ಸಾಫ್ಟ್‌ವೇರ್ ಎಂದು ಮೂರನ್ನು ಒಂದರ ಹಿಂದೆ ಒಂದು ಇಳಿಸಿಕೊಂಡು ಅದೇ ಸಿ ಡ್ರೈವಿಗೆ ಹಾಕಿದ. ಬೇರೆಯವರ ಚೀಲ ತಂದು ಗೋದಾಮಿಗೆ ಒಟ್ಟಿದ ಹಾಗೆ. ಮನಸ್ಸು ಒಳ್ಳೆಯದೇ, ಕೆಲಸ ಕೆಟ್ಟಿತು.

ಕೊನೆಗೆ ಪೇಟೆಯ ರಿಪೇರಿ ಅಂಗಡಿಯ ಹುಡುಗ ಡಿಸ್ಕನ್ನೇ ಬಿಚ್ಚಿ ಬೇರೆ ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿದ. ಸರಿಯಾದ ಕ್ರಮ ಅದು. ರಾತ್ರಿಯಿಡೀ ಹುಡುಕಿಸಿದ ಮೇಲೆ ಹಾಳಾದ ಒಂದು ಫೈಲು ಸಿಕ್ಕಿತು. ವರ್ಡಿನ ಓಪನ್ ಪೆಟ್ಟಿಗೆಯ ಕೆಳಗೆ ಫೈಲಿನ ಬಗೆ ಆರಿಸುವಲ್ಲಿ 'ರಿಕವರ್ ಟೆಕ್ಸ್ಟ್ ಫ್ರಮ್ ಎನಿ ಫೈಲ್' ಎಂದಿದೆ. ಅದರಲ್ಲಿ ತೆರೆದ. ಪರದೆ ತುಂಬ ಇಂಗ್ಲಿಷ್ ಪಿ, ಅದರ ಪಕ್ಕ ತಲೆಯ ಮೇಲೆ ಗೀಟು ಹೊತ್ತ ಎ, ಆಮೇಲೆ ಪೌಂಡಿನ ಗುರುತು. ಸೊಸೆ ನೋಡಿದವರೇ "ಎಲ್ಲಾ ಹೋತಲೋ ತಮಾ" ಎಂದರು.

ಹೋಗಿರಲಿಲ್ಲ. ನುಡಿಯ ಹಳೆಯ ಅಕ್ಷರಗಳು ಒಳಗೆ ಹಾಗೇ ಇರುವುದು. 'ಕನ್ನಡ' ಎಂದು ಟೈಪ್ ಮಾಡಿದ್ದರೆ ಒಳಗೆ ಅದು ಪಿ ಇಂದಲೇ ಶುರು. ಹೀಗೆ ವಾಪಸ್ ತಂದಾಗ ಫಾಂಟಿನ ಮಾಹಿತಿ ಕಳಚಿಹೋಗುತ್ತದೆ, ಅಷ್ಟೇ. ಕಂಟ್ರೋಲ್ ಎ ಒತ್ತಿ ಎಲ್ಲವನ್ನೂ ಆರಿಸಿ, ಫಾಂಟು ನುಡಿ 01 ಇ ಎಂದು ಕೊಟ್ಟಾಗ 'ಹಸೆಗೆ ಬಾರಮ್ಮ' ಎಂದು ಕನ್ನಡ ಎದ್ದು ನಿಂತಿತು. 'ಬರಹ' ಎಂಬ ಇನ್ನೊಂದು ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದಾದರೆ ಅದರ ಫಾಂಟು ಕೊಡಿ. ಕನ್ನಡದ ಫೈಲುಗಳನ್ನು ಎಷ್ಟೋ ಜನ ಕೆಟ್ಟುಹೋಗಿದೆ ಎಂದು ಅಳಿಸಿಬಿಡುವುದು ಇಲ್ಲೇ. ದಯವಿಟ್ಟು ಅಳಿಸಬೇಡಿ.

14 ಹಾಡುಗಳಲ್ಲಿ 11 ಬಂದವು. ಉಳಿದ ಮೂರು ಇದ್ದ ಜಾಗದಲ್ಲಿ ಆ ಸಾಫ್ಟ್‌ವೇರ್‌ಗಳು ಕೂತಿದ್ದವು. ಅದಕ್ಕೇ ಹೇಳುವುದು, ಮೌಸಿನಿಂದ ಕೈ ತೆಗೆಯಿರಿ.

ಈಗ ಪೆನ್ನು, ಕಾಗದ ತೆಗೆದುಕೊಳ್ಳಿ. ಇರುವ ಸಮಯದಲ್ಲಿ ಬೇಗ ಬೇಗ ಹೇಳುತ್ತೇನೆ.

ಕರೆಂಟು ಹೋಗಿ ಬಂದಿದ್ದರೆ ವರ್ಡ್ ತೆರೆಯಿರಿ. ಎಡಗಡೆಯ ಪಟ್ಟಿ ಬಂದರೆ ಅದರಲ್ಲಿರುವುದನ್ನು ಒಂದೊಂದಾಗಿ ತೆರೆದು ನೋಡಿ, ಸೇವ್ ಆ್ಯಸ್ ಒತ್ತಿ ಹೊಸ ಹೆಸರಿನಲ್ಲಿ ಪೆನ್ ಡ್ರೈವಿಗೆ ಹಾಕಿ. ಆಮೇಲಷ್ಟೇ ಪಟ್ಟಿ ಮುಚ್ಚಿ.

'ಡೋಂಟ್ ಸೇವ್' ಒತ್ತಿಬಿಟ್ಟಿದ್ದರೆ, ವರ್ಡ್ 2010 ಅಥವಾ ಅದಕ್ಕಿಂತ ಹೊಸದರಲ್ಲಿ ಫೈಲ್, ಇನ್ಫೋ, ಅಲ್ಲಿ ಮ್ಯಾನೇಜ್ ಡಾಕ್ಯುಮೆಂಟ್, ಅದರೊಳಗೆ ರಿಕವರ್ ಅನ್‌ಸೇವ್ಡ್ ಡಾಕ್ಯುಮೆಂಟ್ಸ್. 2010, 2013ರಲ್ಲಿ ಅದು ಮ್ಯಾನೇಜ್ ವರ್ಷನ್ಸ್ ಎಂದಿರುತ್ತದೆ. ಅಲ್ಲಿ ಫೈಲು 4 ದಿನ ಇರುತ್ತದೆ. ಮುಂದಿನ ವಾರ ನೋಡೋಣ ಎಂದು ಬಿಡಬೇಡಿ.

ಅಲ್ಲೂ ಇಲ್ಲವೇ? ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಬರುವ ಸಣ್ಣ ಪೆಟ್ಟಿಗೆಯಲ್ಲಿ ಶೇಕಡಾ ಗುರುತು, ಆ್ಯಪ್‌ಡೇಟಾ, ಮತ್ತೆ ಶೇಕಡಾ ಗುರುತು, ನಡುವೆ ಜಾಗ ಬಿಡದೆ ಬರೆದು ಎಂಟರ್ ಕೊಡಿ. ಮೈಕ್ರೋಸಾಫ್ಟ್, ಅದರೊಳಗೆ ವರ್ಡ್. ಚುಕ್ಕಿ ಎ ಎಸ್ ಡಿ ಎಂದು ಕೊನೆಯಾಗುವ ಫೈಲು ಹುಡುಕಿ. ಕರೆಂಟು ಹೋದ ಹೊತ್ತಿಗೆ ಹತ್ತಿರದ ಸಮಯ ಇರುವುದೇ ನಿಮ್ಮದು. ಮೊದಲು ಪೆನ್ ಡ್ರೈವಿಗೆ ಒಂದು ಪ್ರತಿ ಮಾಡಿ, ಆಮೇಲೆ ವರ್ಡಿನ ಓಪನ್‌ನಿಂದ ತೆರೆಯಿರಿ.

ಸೇವ್ ಮಾಡಿದ್ದೆ, ಎಲ್ಲಿ ಎಂದು ಗೊತ್ತಿಲ್ಲ ಎನ್ನುವವರು ವರ್ಡಿನ ರೀಸೆಂಟ್ ಪಟ್ಟಿ ನೋಡಿ, ಡೌನ್‌ಲೋಡ್ಸ್ ನೋಡಿ. ಅಳಿಸಿದ್ದಾದರೆ ರಿಸೈಕಲ್ ಬಿನ್. ಪೆನ್ ಡ್ರೈವಿನಿಂದ ಅಳಿಸಿದ್ದು ಬಿನ್ನಿನಲ್ಲಿ ಸಿಗುವುದಿಲ್ಲ. ಆಗ ಪೆನ್ ಡ್ರೈವನ್ನು ಎಳೆದು ಪಕ್ಕಕ್ಕಿಡಿ, ಅದಕ್ಕೆ ಇನ್ನೇನೂ ತುಂಬಬೇಡಿ. ಫೋಟೋರೆಕ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದನ್ನು ಬೇರೆ ಕಂಪ್ಯೂಟರಿನಲ್ಲಿ ಹಾಕಿ, ಸಿಕ್ಕಿದ ಫೈಲುಗಳನ್ನೂ ಬೇರೆ ಡ್ರೈವಿಗೇ ಇಳಿಸಿಕೊಳ್ಳಿ. ಕಳೆದದ್ದು ಯಾವ ಡಿಸ್ಕಿನಲ್ಲೋ ಆ ಡಿಸ್ಕಿಗೆ ಏನನ್ನೂ ಬರೆಯಬಾರದು. ಹೊಸ ಲ್ಯಾಪ್‌ಟಾಪುಗಳಲ್ಲಿ ಇರುವುದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದ, ಚಿಪ್ಪಿನ ಡಿಸ್ಕು. ಅಳಿಸಿದ ಜಾಗವನ್ನು ಅದು ತಾನೇ ಗುಡಿಸಿಬಿಡುತ್ತದೆ, ಅಲ್ಲಿ ಕಾಯಲು ಹೊತ್ತೇ ಇಲ್ಲ.

ಲಿಬ್ರೆ ಆಫೀಸ್ ಬಳಸುವವರಿಗೂ ಮುಂದಿನ ಸಲ ತೆರೆದಾಗ ರಿಕವರಿ ಪೆಟ್ಟಿಗೆ ತಾನೇ ಬರುತ್ತದೆ. ಡಿಸ್ಕಾರ್ಡ್ ಒತ್ತಬೇಡಿ.

ಸಮಯ ಮುಗಿಯುತ್ತ ಬಂತು, ಇನ್ನೊಂದೇ ಒಂದು. ವರ್ಡ್ ಮೊದಲಿಗೆ 10 ನಿಮಿಷಕ್ಕೊಮ್ಮೆ ತನ್ನಷ್ಟಕ್ಕೆ ಪ್ರತಿ ಇಟ್ಟುಕೊಳ್ಳುತ್ತದೆ. ಅಂದರೆ ಒಂಬತ್ತು ನಿಮಿಷದ ಟೈಪಿಂಗು ಗುಡುಗಿನ ಪಾಲು. ಫೈಲ್, ಆಪ್ಷನ್ಸ್, ಸೇವ್ ಎಂದು ಹೋಗಿ. ಆಟೋರಿಕವರ್ ಎಂಬಲ್ಲಿ 10 ಇರುವುದನ್ನು 2 ಮಾಡಿ. ಅದರ ಕೆಳಗೆ, ಸೇವ್ ಮಾಡದೆ ಮುಚ್ಚಿದರೆ ಕೊನೆಯ ಪ್ರತಿ ಉಳಿಸಿಕೊಳ್ಳುವ ಚೌಕಕ್ಕೂ ಗುರುತು ಹಾಕಿ, ಓಕೆ ಒತ್ತಿ. ಇವತ್ತೇ ಮಾಡಿ, ಮನೆಯಲ್ಲಿ ಕರೆಂಟು ಇರುವಾಗ.

ನಮಸ್ಕಾರ.