ಉಪ್ಪು ಹತ್ತಿತು, ಹತ್ತಿ ಇಳಿಯಿತು

ಕೇಳುಗರಿಗೆ ನಮಸ್ಕಾರ.

ಕಾಡಿನಲ್ಲಿ ಹೋಗುತ್ತಿರುವಾಗ ಎದುರಿಗಿರುವ ದಾರಿ ಮನುಷ್ಯರದೋ ದನದ್ದೋ ಅಂತ ತಿಳಿಯುವುದು ಹೇಗೆ? ನೆಲ ನೋಡಿದರೆ ಗೊತ್ತಾಗುವುದಿಲ್ಲ. ಎರಡೂ ಒಂದೇ ಥರ ಸವೆದಿರುತ್ತವೆ. ತಲೆಯೆತ್ತಿ ನೋಡಬೇಕು. ಮನುಷ್ಯರ ದಾರಿಯಾದರೆ ಕತ್ತಿಯಲ್ಲಿ ಸವರಿದ ಕೊಂಬೆಗಳ ಮೋಟು ತಲೆಗಿಂತ ಸ್ವಲ್ಪ ಮೇಲೆ ಕಾಣುತ್ತದೆ. ಹೊರೆ ಹೊತ್ತವರು ಓಡಾಡುವ ದಾರಿಯಾದರೆ ಇನ್ನೂ ಮೇಲೆ. ದನದ ದಾರಿಯಾದರೆ ಎದೆಯ ತನಕ ಖುಲ್ಲಾ. ಅಲ್ಲಿಂದ ಮೇಲೆ ಕೊಂಬೆ, ಬಳ್ಳಿ, ಮುಳ್ಳು ಎಲ್ಲ ಸೀದಾ ಮುಖಕ್ಕೆ.

ಇದನ್ನು ನಾನು ಕಲಿತದ್ದು ಅಘನಾಶಿನಿ ಕಣಿವೆಯಲ್ಲಿ, ಕೆನ್ನೆಯೆಲ್ಲ ಗೀರಿಸಿಕೊಂಡ ಮೇಲೆ. ಬೆಂಗಳೂರಿನಿಂದ ಅಕ್ಕನ ಮಗ ಬಂದಿದ್ದ. ಘಟ್ಟ ಇಳಿಯೋಣ ಮಾವ ಅಂದ. ಅವನ ಫೋನಿನಲ್ಲಿ ನಕಾಶೆ ಇತ್ತು, ಕಾಲಿನಲ್ಲಿ ದುಬಾರಿ ಬೂಟು ಇತ್ತು. ನನ್ನ ಹತ್ತಿರ ಇದೇ ಊರಿನವನು ಅನ್ನೋ ಜಂಬ ಇತ್ತು. ಮೂರೂ ಕೆಲಸಕ್ಕೆ ಬರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಒಂದು ಮುಳ್ಳಿನ ಮಟ್ಟಿಯೊಳಗೆ ನಿಂತಿದ್ದೆವು. ಮುಂದೆ ಹೋಗಲೂ ಆಗದು, ಹಿಂದಿನ ದಾರಿಯೂ ಮರೆತಿತ್ತು. ಸುಮ್ನೆ ಒಂದು ಕೂಗು ಹಾಕಿದೆ. ಮೇಲಿನಿಂದ ಕೂಗು ವಾಪಸ್ ಬಂತು. ಸೊಪ್ಪು ಕೊಯ್ಯಲು ಬಂದ ಹೆಂಗಸೊಬ್ಬರು ಕತ್ತಿ ಹಿಡಿದು ಬಂದು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. "ತಮಾ, ಅದು ದನ ಹೋಗೋ ದಾರಿ. ಮನುಷ್ಯರ ದಾರಿ ಆಗ್ಲೇ ಬಿಟ್ಟು ಬಂದ್ರಿ" ಅಂದರು. ಕೊಂಬೆಯ ಲೆಕ್ಕ ಹೇಳಿಕೊಟ್ಟವರು ಅವರೇ.

ಇವತ್ತು ನಾನು ಹೇಳಲು ಹೊರಟಿರುವುದು ಈ ಕಣಿವೆಯ ಕಾಲುದಾರಿಗಳ ವಿಷಯ. ಅಘನಾಶಿನಿ ಹುಟ್ಟುವುದು ಶಿರಸಿಯಲ್ಲಿ. ಪೇಟೆಯ ನಡುವಿನ ಶಂಕರ ಹೊಂಡವನ್ನೇ ಅದರ ಮೂಲ ಅನ್ನುತ್ತಾರೆ. ಸುಮಾರು 120 ಕಿಲೋಮೀಟರ್ ಹರಿದು, ಕುಮಟಾ ತಾಲ್ಲೂಕಿನ ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಅದರ ಮೇಲೆ ಇವತ್ತಿನ ತನಕ ದೊಡ್ಡ ಅಣೆಕಟ್ಟು ಇಲ್ಲ. ದಕ್ಷಿಣಕ್ಕೆ ಶರಾವತಿ, ಉತ್ತರಕ್ಕೆ ಕಾಳಿ, ಎರಡೂ ಕಟ್ಟಿ ಹಾಕಿದ ನದಿಗಳು. ನಡುವಿನ ಇದು ಹೇಗೋ ತಪ್ಪಿಸಿಕೊಂಡಿದೆ. ಹಾಗಾಗಿಯೇ ಕಣಿವೆ ಮುಳುಗಲಿಲ್ಲ, ಕಣಿವೆಯ ದಾರಿಗಳೂ ಮುಳುಗಲಿಲ್ಲ.

ಈ ದಾರಿಗಳನ್ನು ಯಾರೂ ಚಾರಣಕ್ಕೆ ಅಂತ ಮಾಡಿದ್ದಲ್ಲ. ನೋಟ ಚೆನ್ನಾಗಿ ಕಾಣಲಿ ಅಂತ ಒಂದು ತಿರುವೂ ಇಲ್ಲ. ನೀರು ಸಿಗುವ ಕಡೆ ತಿರುಗಿವೆ, ಎತ್ತಿನ ಕಾಲು ಜಾರದ ಕಡೆ ತಿರುಗಿವೆ. ನದಿ ಸಮುದ್ರ ಸೇರುವ ಕಡೆ ಸಾಣಿಕಟ್ಟೆ ಇದೆ, ಈಗಲೂ ಉಪ್ಪು ತೆಗೆಯುವ ಊರು. ಅಲ್ಲಿಂದ ಒಳನಾಡಿಗೆ ನದಿಯ ದಡದಲ್ಲೇ ಬಂದರೆ ಒಂದು ಊರಿನ ಹೆಸರು ಉಪ್ಪಿನಪಟ್ಟಣ. ಹೆಸರಲ್ಲೇ ಎಲ್ಲ ಇದೆ, ಅಲ್ವಾ? ದೋಣಿ ಉಬ್ಬರದ ನೀರಿನ ಜೊತೆ ಮೇಲೆ ಬರುತ್ತಿತ್ತು. ಮುಂದೆ ಹೇರೆತ್ತುಗಳ ಬೆನ್ನು. ಉಪ್ಪು, ಒಣಮೀನು, ತೆಂಗಿನಕಾಯಿ ಘಟ್ಟ ಹತ್ತುತ್ತಿದ್ದವು. ಅಡಕೆ, ಮೆಣಸು, ಅಕ್ಕಿ ಇಳಿಯುತ್ತಿದ್ದವು.

ಇನ್ನೊಂದು ಹೊರೆ ಇಳಿದದ್ದು ಬಯಲುಸೀಮೆಯಿಂದ. ಹುಬ್ಬಳ್ಳಿ ಧಾರವಾಡದ ಕಡೆಯ ಹತ್ತಿ ಶಿರಸಿಗೆ ಬಂದು, ದೇವಿಮನೆ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ, ಇಂಗ್ಲೆಂಡಿನ ಗಿರಣಿಗಳಿಗೆ ನಮ್ಮ ಕಡೆಯ ಹತ್ತಿಯೇ ಬೇಕಾಯಿತು. ವ್ಯಾಪಾರಿಗಳ ಬಾಯಲ್ಲಿ ಅದರ ಹೆಸರು ಕುಮಟಾ ಹತ್ತಿ. ಬೆಳೆದವರು ಒಬ್ಬರು, ಹೆಸರು ಬಂದರಿನದು. ಹೀಗೆ ಉಪ್ಪು ಹತ್ತಿತು, ಹತ್ತಿ ಇಳಿಯಿತು. ನಮ್ಮ ಕಡೆ ಹಳಬರಿಗೆ ಈ ಮಾತು ಹೇಳಿ ಮಕ್ಕಳನ್ನು ಗೊಂದಲ ಮಾಡುವುದು ಒಂದು ಖುಷಿ.

ಹಳೆಯ ಘಟ್ಟದ ದಾರಿಯಲ್ಲಿ ನಡೆದರೆ ಒಂದು ವಸ್ತು ಹುಡುಕಿ. ಹೊರೆಗಲ್ಲು. ಎರಡು ಕಲ್ಲು ನೆಟ್ಟು, ಮೇಲೊಂದು ಚಪ್ಪಡಿ ಅಡ್ಡ ಇಟ್ಟಿರುತ್ತಾರೆ. ಬಾಗಿಲ ಚೌಕಟ್ಟಿನ ಹಾಗೆ ಕಾಣುತ್ತದೆ, ಆದರೆ ಅಷ್ಟು ಎತ್ತರ ಇರುವುದಿಲ್ಲ. ತಲೆಯ ಮೇಲೆ ಹೊರೆ ಹೊತ್ತವರು ಒಬ್ಬರೇ ಇದ್ದಾಗ ಅದನ್ನು ಇಳಿಸುವುದು ಕಷ್ಟ. ಇಳಿಸಿದರೂ ಮತ್ತೆ ಎತ್ತಿ ಕೊಡುವವರು ಯಾರು? ಅದಕ್ಕೆ ಈ ಕಲ್ಲು. ಹತ್ತಿರ ಬಂದು, ಸ್ವಲ್ಪ ಮಂಡಿ ಬಗ್ಗಿಸಿ, ತಲೆಯಿಂದ ಕಲ್ಲಿಗೆ ಹೊರೆ ಜಾರಿಸಬೇಕು. ಹೊರಡುವಾಗ ಕಲ್ಲಿನಿಂದ ತಲೆಗೆ. ಏದುಸಿರು ಬಂದು ನಾನು ನಿಂತ ಜಾಗದಲ್ಲೇ ಅದು ಕಂಡಾಗ ನಗು ಬಂತು. ಎಷ್ಟು ಹತ್ತಿದರೆ ಮನುಷ್ಯನಿಗೆ ಸುಸ್ತಾಗುತ್ತದೆ ಅಂತ ಲೆಕ್ಕ ಹಾಕಿಯೇ ನೆಟ್ಟಿದ್ದಾರೆ.

ಈ ಕಣಿವೆಯಲ್ಲಿ ಎಲ್ಲರಿಗೂ ಗೊತ್ತಿರುವ ಜಾಗ ಅಂದರೆ ಉಂಚಳ್ಳಿ ಜಲಪಾತ. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಹತ್ತಿರ ನದಿ 116 ಮೀಟರ್ ಕೆಳಗೆ ಬೀಳುತ್ತದೆ. 1845ರಲ್ಲಿ ಲಷಿಂಗ್ಟನ್ ಎಂಬ ಬ್ರಿಟಿಷ್ ಕಲೆಕ್ಟರ್ ಇದನ್ನು ಕಂಡನಂತೆ. ಅಲ್ಲಿಂದ ಲಷಿಂಗ್ಟನ್ ಜಲಪಾತ ಅನ್ನುವ ಹೆಸರೂ ಬಂತು. ಊರಿನವರು ಅದಕ್ಕೂ ಮೊದಲೇ ಒಂದು ಹೆಸರು ಇಟ್ಟಿದ್ದರು, ಕೆಪ್ಪ ಜೋಗ. ಅದರ ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಅಂತ. ನನಗೆ ಕಲೆಕ್ಟರನ ಹೆಸರಿಗಿಂತ ಇದೇ ಸರಿ ಅನಿಸುತ್ತದೆ. ಮಳೆ ಮುಗಿದ ಹೊಸದರಲ್ಲಿ ಹೋದರೆ ಜಲಪಾತ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ನೋಡಲು ಮೆಟ್ಟಿಲು, ಕಟಾಂಜನ ಎಲ್ಲ ಇದೆ. ಯಾಣ, ವಿಭೂತಿ ಜಲಪಾತದ ಕಡೆಗೂ ಈಗ ಜನ ಜಾಸ್ತಿ. ಅವುಗಳ ಬಗ್ಗೆ ಸಾಕಷ್ಟು ಕೇಳಿದ್ದೀರಿ, ಬಿಡಿ.

ಸಣ್ಣ ದಾರಿಗಳಿಗೆ ಬರೋಣ. ಇವು ಊರಿನ ಒಳಗಿಂದಲೇ ಹೋಗುತ್ತವೆ. ಅಡಕೆ ತೋಟದ ಅಂಚು, ಸೊಪ್ಪಿನ ಬೆಟ್ಟ, ಯಾರದೋ ಅಂಗಳ. ನಡುವೆ ದಣಪೆ ಸಿಗುತ್ತದೆ. ಕೆಲವರು ಉಣಗೋಲು ಅನ್ನುತ್ತಾರೆ. ಎರಡು ಕಂಬಕ್ಕೆ ತೂತು ಹೊಡೆದು, ಅಡ್ಡಡ್ಡ ಗಳು ತೂರಿಸಿದ ಗೇಟು. ಒಂದು ಗಳು ಸರಿಸಿ ದಾಟಬೇಕು. ದಾಟಿದ ಮೇಲೆ ಮತ್ತೆ ಸೇರಿಸಬೇಕು. ಸೇರಿಸದೆ ಹೋದರೆ ಸಂಜೆಯೊಳಗೆ ಯಾರದೋ ದನ ಯಾರದೋ ಗದ್ದೆಯಲ್ಲಿ ಇರುತ್ತದೆ. ಪೇಟೆಯಿಂದ ಬಂದ ಗುಂಪುಗಳ ಮೇಲೆ ಇಲ್ಲಿಯವರ ದೂರು ಪ್ಲಾಸ್ಟಿಕ್ಕಿಗಿಂತ ಇದೇ ಜಾಸ್ತಿ. ಹಳ್ಳ ದಾಟಲು ಸಂಕ ಇರುತ್ತದೆ. ಎರಡು ಅಡಕೆ ಮರ ಉದ್ದಕ್ಕೆ ಹಾಕಿ, ಕೈ ಹಿಡಿಯಲು ಒಂದು ಬಿದಿರು ಕಟ್ಟಿದರೆ ಸಂಕ ಆಯಿತು. ಅಡಕೆ ಮರ ಒದ್ದೆಯಾದರೆ ಸಾಬೂನಿನ ಹಾಗೆ. ಬೂಟು ಬಿಚ್ಚಿ ಬರಿಗಾಲಲ್ಲಿ, ಪಾದ ಅಡ್ಡ ಇಟ್ಟು ದಾಟಿ. ಶಾಲೆಯ ಮಕ್ಕಳು ಚೀಲ ಹೊತ್ತು ಓಡಿಕೊಂಡು ದಾಟುತ್ತಾರೆ. ಅವರನ್ನು ನೋಡಿ ನೀವೂ ಓಡಲು ಹೋಗಬೇಡಿ.

ಕಾಡು ದಟ್ಟ ಆದಲ್ಲಿ ಸಿಂಗಳೀಕ ಅನ್ನುವ ಮಂಗ ಇದೆ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಸಿಂಹದ ಹಾಗೆ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಇದಕ್ಕಾಗಿಯೇ 2011ರಲ್ಲಿ ಈ ಕಣಿವೆಯ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿಸಿದರು. ಆದ್ದರಿಂದ ಒಳಗಿನ ದಾರಿಗೆ ಇಳಿಯುವ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಂಗಳೀಕ ನೆಲಕ್ಕೆ ಇಳಿಯುವುದು ಅಪರೂಪ, ಮರದಿಂದ ಮರಕ್ಕೇ ಅದರ ದಾರಿ. ಉಪ್ಪಾಗೆ ಹಣ್ಣು ಅಂದರೆ ಅದಕ್ಕೆ ಪ್ರಾಣ. ನಮಗೂ ಸಾರಿಗೆ ಉಪ್ಪಾಗೆ ಬೇಕು. ಉಪ್ಪಾಗೆಯಿಂದ ತೂಕ ಇಳಿಸುವ ಮಾತ್ರೆ ಮಾಡುತ್ತಾರೆ ಅಂತ ಬೆಲೆ ಏರಿದಾಗ ಹಣ್ಣಿನ ಜೊತೆ ಕೊಂಬೆಯನ್ನೂ ಕಡಿದವರಿದ್ದರು. ಯಾರೋ ಎಲ್ಲೋ ತೆಳ್ಳಗಾಗಲು ಇಲ್ಲಿ ಮರ ತೆಳ್ಳಗಾಯಿತು.

ಹುಳುಗಳ ವಿಷಯ ಹೇಳದಿದ್ದರೆ ನನ್ನನ್ನು ಬೈಯುತ್ತೀರಿ. ಮಳೆಗಾಲದಲ್ಲಿ ಉಂಬಳ, ಅಂದರೆ ಜಿಗಣೆ. ಕಾಲಿಗೆ ಹೊಗೆಸೊಪ್ಪಿನ ನೀರೋ ಸುಣ್ಣವೋ ಹಚ್ಚಿದರೆ ಸ್ವಲ್ಪ ತಡೆ. ಕಚ್ಚಿದರೂ ಹೆದರಬೇಡಿ, ರಕ್ತ ಕುಡಿದು ತಾನೇ ಉದುರುತ್ತದೆ. ಹೆದರಬೇಕಾದ್ದು ಉಣುಗಿಗೆ, ಅಂದರೆ ಉಣ್ಣೆಗೆ. ಅದು ಚಳಿಗಾಲದಿಂದ ಮಳೆ ಬೀಳುವ ತನಕ, ಅಂದರೆ ನಡೆಯಲು ಹವೆ ಚೆನ್ನಾಗಿರುವ ದಿನಗಳಲ್ಲೇ ಬರುತ್ತದೆ. ಮಂಗನ ಕಾಯಿಲೆ ಹರಡುವುದು ಇದರಿಂದ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ ಇದು. ಸಿದ್ದಾಪುರದ ಕಡೆಯೂ ಸಾವು ಆಗಿವೆ. ಮರಿ ಉಣುಗು ರಾಗಿ ಕಾಳಿನಷ್ಟೂ ಇರುವುದಿಲ್ಲ, ಕಚ್ಚಿದ್ದೇ ಗೊತ್ತಾಗುವುದಿಲ್ಲ. ಉದ್ದ ತೋಳಿನ ಅಂಗಿ ಹಾಕಿ. ಪ್ಯಾಂಟಿನ ತುದಿ ಕಾಲುಚೀಲದ ಒಳಗಿರಲಿ. ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ, ಬಟ್ಟೆಗೂ ಬಿಸಿನೀರು. ದಾರಿಯಲ್ಲಿ ಸತ್ತ ಮಂಗ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ, ಆಸ್ಪತ್ರೆಗೋ ಪಂಚಾಯಿತಿಗೋ ತಿಳಿಸಿ.

ಇನ್ನು ದೂರದ ಲೆಕ್ಕ. ಇಲ್ಲೇ ಹತ್ತಿರ ಅಂದರೆ ಒಂದು ಗಂಟೆ. ಸ್ವಲ್ಪ ದೂರ ಅಂದರೆ ಊಟ ಕಟ್ಟಿಕೊಳ್ಳಿ. ಒಂದು ಕೂಗಳತೆ ಅಂದರೆ ಮಾತ್ರ ನಂಬಬಹುದು.

ಕಳೆದ ಸಲ ಅದೇ ದಾರಿಯಲ್ಲಿ ಅಕ್ಕನ ಮಗನ ಜೊತೆ ಮತ್ತೆ ಇಳಿದೆ. ಈ ಸಲ ತಲೆಯೆತ್ತಿಕೊಂಡೇ ನಡೆದೆವು. ಅರ್ಧ ದಾರಿಯ ತನಕ ಸವರಿದ ಮೋಟುಗಳು ಹೊಸದಿದ್ದವು, ಆಮೇಲೆ ಹಳೆಯವು, ಕಪ್ಪಾದವು. ಕೆಳಗಿನ ಊರಿಗೆ ರಸ್ತೆ ಬಂದಿದೆ, ಶಾಲೆಗೆ ಗಾಡಿ ಬರುತ್ತದೆ. ಯಾರು ಯಾಕೆ ಹತ್ತಬೇಕು? ಒಂದು ಕಡೆ ದಾರಿಗೆ ಅಡ್ಡ ಬಿದ್ದ ಮರದ ಮೇಲೆ ಆಗಲೇ ಪಾಚಿ ಕಟ್ಟಿತ್ತು.

ಕೆಳಗಿನ ಮೊದಲ ಮನೆಯಲ್ಲಿ ಅಜ್ಜ ಒಬ್ಬರೇ ಜಗಲಿಯ ಮೇಲೆ ಕೂತಿದ್ದರು. ಬೆಲ್ಲ, ನೀರು ಕೊಟ್ಟರು. ಗಾಡಿ ಎಲ್ಲಿ ನಿಲ್ಲಿಸಿದ್ರಿ ಅಂತ ಕೇಳಿದರು. ಗಾಡಿಯಲ್ಲಿ ಬಂದದ್ದಲ್ಲ, ಬೆಟ್ಟ ಇಳಿದು ಬಂದದ್ದು ಅಂದೆ. ಅವರು ಎದ್ದು ಚಾಪೆ ಹಾಸಿದರು, ಒಳಗೆ ತಿರುಗಿ ಚಾ ಇಡಲು ಹೇಳಿದರು. ಆಮೇಲೆ ಹತ್ತಿರ ಬಂದು ಕೂತು, "ಹೌದನಾ, ಮೇಲೆ ಅಡಕೆ ಕೊನೆಕೊಯ್ಲು ಶುರುವಾಯ್ತಾ?" ಅಂದರು.

ಶುರುವಾಗಿದೆ, ಎರಡು ತೋಟದಲ್ಲಿ ನೋಡಿದೆ ಅಂದೆ.

ನಮಸ್ಕಾರ.