ಕಂಟ್ರಾಕ್ಟರ್ ಮನೆಯ ಆರ್ಕಿಟೆಕ್ಟ್

ಸ್ನೇಹಿತರೇ, ಮನೆಯಲ್ಲೇ ಕಟ್ಟಡದ ವ್ಯವಹಾರ ಇದ್ದು, ಮಗ ಆರ್ಕಿಟೆಕ್ಟ್ ಆಗಿ ಅದಕ್ಕೇ ಬಂದು ಸೇರಿದರೆ ಎಂಥ ಕೆಲಸ ಆಗಬಹುದು? ಫ್ರಾನ್ಸಿನ ಆರ್ಕಿಟೆಕ್ಟ್ ಆಗುಸ್ತ್ ಪೆರೆಯ ಮೊದಲ ವರ್ಷಗಳನ್ನು ನೋಡಿ.

ಅವನು ಹುಟ್ಟಿದ್ದು 1874ರಲ್ಲಿ, ಬ್ರಸೆಲ್ಸ್ ಪಕ್ಕದ ಇಕ್ಸೆಲ್‌ನಲ್ಲಿ. ಅಪ್ಪ ಕಲ್ಲು ಕೆಲಸದವರು. 1871ರಲ್ಲಿ ಪ್ಯಾರಿಸ್ ಜನ ಸರ್ಕಾರದ ವಿರುದ್ಧ ಎದ್ದ 'ಕಮ್ಯೂನ್' ದಂಗೆಯಲ್ಲಿ ಸೇರಿ, ಆಮೇಲೆ ದೇಶ ಬಿಟ್ಟವರು. ಮುಂದೆ ಪ್ಯಾರಿಸ್ಸಿಗೆ ಮರಳಿ ಕಟ್ಟಡದ ಕಂಪನಿ ನಡೆಸಿದರು. ಆಗುಸ್ತ್ ಪ್ಯಾರಿಸ್ಸಿನ ಕಲಾ ಶಾಲೆ ಎಕೋಲ್ ದೆ ಬೋಜಾರ್‌ನಲ್ಲಿ ಜೂಲಿಯನ್ ಗ್ವಾದೆ ಅವರ ಹತ್ತಿರ ಕಲಿತ. ಆದರೆ ಡಿಪ್ಲೊಮಾ ತೆಗೆದುಕೊಳ್ಳದೆ ಹೊರಬಂದ. ಆರ್ಕಿಟೆಕ್ಟ್ ಅನಿಸಿಕೊಂಡವನು ಕಂಟ್ರಾಕ್ಟ್ ಹಿಡಿಯಬಾರದು ಎಂದು 1895ರ ವೃತ್ತಿ ನಿಯಮ ಹೇಳುತ್ತಿತ್ತು. ಆ ನಿಯಮ ಬರೆದವರು ಬೇರೆ ಯಾರೂ ಅಲ್ಲ, ಇದೇ ಗ್ವಾದೆ! ಅದರಲ್ಲಿ ನ್ಯಾಯ ಇಲ್ಲ ಎನ್ನಲಾರೆ. ಲೆಕ್ಕ ಪರೀಕ್ಷೆ ಮಾಡುವವನೇ ಬಿಲ್ ಬರೆದರೆ ಮನೆ ಕಟ್ಟಿಸುವವರ ಗತಿ ಏನು, ಅಲ್ವಾ? ಆದರೂ ಆಗುಸ್ತ್ ಅಪ್ಪನ ಕಂಪನಿಯನ್ನೇ ಆರಿಸಿಕೊಂಡ. ತಮ್ಮ ಗುಸ್ತಾವ್ ವಿನ್ಯಾಸಕ್ಕೆ ಜೊತೆಯಾದ. ಇನ್ನೊಬ್ಬ ತಮ್ಮ ಕ್ಲೋದ್ ವ್ಯವಹಾರ ನೋಡಿಕೊಂಡ.

ಇದರ ಫಲ ಕಾಣುವುದು ಪ್ಯಾರಿಸ್ಸಿನ ರೂ ಫ್ರಾಂಕ್ಲಿನ್ ಬೀದಿಯ ಅಪಾರ್ಟ್‌ಮೆಂಟಿನಲ್ಲಿ. 1903-04ರಲ್ಲಿ ಎದ್ದ ಕಟ್ಟಡ. ಕಟ್ಟಿಸಿದ್ದೂ ಪೆರೆ ಕುಟುಂಬವೇ, ಹಾಗಾಗಿ ಒಂದೊಂದು ಅಡಿಯೂ ಸ್ವಂತ ದುಡ್ಡು. ಸೈಟಿಗೆ ಆಳ ಕಡಿಮೆ. ಹಿಂದೆ ಅಂಗಳ ಬಿಟ್ಟರೆ ಜಾಗ ಹಾಳು. ಅದಕ್ಕೆ ಆಗುಸ್ತ್ ಅಂಗಳವನ್ನು ಮುಂದಕ್ಕೆ ತಂದು, ರಸ್ತೆ ಕಡೆಯ ಮುಖವನ್ನೇ ಒಳಕ್ಕೆ ಮಡಿಸಿದ. ಕೋಣೆಗಳ ಕಿಟಕಿ ರಸ್ತೆಗೇ ತೆರೆದವು. ಹಿಂಬದಿಯ ಮೆಟ್ಟಿಲಿಗೆ ಗಾಜಿನ ಇಟ್ಟಿಗೆಯಿಂದ ಬೆಳಕು ಬಂತು. ಭಾರವನ್ನೆಲ್ಲ ಕಾಂಕ್ರೀಟ್ ಪಿಲ್ಲರ್, ಬೀಮುಗಳು ಹೊತ್ತವು. ಒಳಗೋಡೆ ತೆಳುವಾಯಿತು, ಕಾರ್ಪೆಟ್ ಏರಿಯಾ ಜಾಸ್ತಿಯಾಯಿತು. ಹೊರಗಿನ ಟೈಲ್ಸ್ ನೋಡಿ: ಪಿಲ್ಲರ್, ಬೀಮುಗಳ ಮೇಲೆ ಸಾದಾ ಟೈಲ್ಸ್, ನಡುವಿನ ಗೋಡೆಗೆ ಎಲೆಗಳ ಚಿತ್ತಾರ. ಭಾರ ಹೊರುವುದು ಯಾವುದು, ಸುಮ್ನೆ ಜಾಗ ತುಂಬುವುದು ಯಾವುದು ಎಂದು ಬೀದಿಯಿಂದಲೇ ತಿಳಿಯುತ್ತದೆ. ಸೈಟಿನಲ್ಲಿ ನಿಂತು ಕಲಿತವನ ಕಣ್ಣು ಇದು. ನೆಲಮಾಳಿಗೆಯ ಮೇಲೆ, ರಸ್ತೆ ಮಟ್ಟದಲ್ಲಿ, ಕಂಪನಿಯ ಆಫೀಸು ಬಂತು.

ಅಪ್ಪನಿಗೆ ಮಾತ್ರ ಕಾಂಕ್ರೀಟ್ ಮೇಲೆ ನಂಬಿಕೆ ಕುದುರಲಿಲ್ಲ. ಆ ಚೌಕಟ್ಟಿನ ಕೆಲಸ ಬೇರೆ ಕಂಪನಿಗೆ ಹೋಯಿತು. 1905ರಲ್ಲಿ ಅವರು ತೀರಿಕೊಂಡ ಮೇಲೆ ಕಂಪನಿ 'ಪೆರೆ ಸಹೋದರರು' ಆಯಿತು, ಕಾಂಕ್ರೀಟನ್ನು ತಾವೇ ಕೈಗೆತ್ತಿಕೊಂಡರು. ಮುಂದೆ ಚಂಡೀಗಢ ರೂಪಿಸಿದ ಲೆ ಕಾರ್ಬೂಸಿಯೆ ಇಪ್ಪತ್ತರ ಹರೆಯದಲ್ಲಿ, 1908-09ರಲ್ಲಿ, ಇದೇ ಆಫೀಸಿನಲ್ಲಿ ಅರ್ಧ ದಿನದ ಕೆಲಸಕ್ಕಿದ್ದರು.

1911ರಲ್ಲಿ ಪ್ಯಾರಿಸ್ಸಿನ ಶಾಂಜೆಲಿಜೆ ರಂಗಮಂದಿರದ ಕೆಲಸ ಬಂತು. ವಿನ್ಯಾಸ ಬೆಲ್ಜಿಯಂನ ಆರ್ಕಿಟೆಕ್ಟ್ ಹೆನ್ರಿ ವಾನ್ ದ ವೆಲ್ದೆ ಅವರದು, ಪೆರೆ ಸಹೋದರರು ಬರೀ ಕಂಟ್ರಾಕ್ಟರುಗಳು. ಚೌಕಟ್ಟು ಲೆಕ್ಕ ಹಾಕುತ್ತಾ ಹಾಕುತ್ತಾ ಪ್ಲ್ಯಾನನ್ನೇ ಬದಲಿಸಿದರು. ವಾನ್ ದ ವೆಲ್ದೆ ಹಿಂದೆ ಸರಿದರು. 1913ರಲ್ಲಿ ತೆರೆದ ಆ ಕಟ್ಟಡ ಯಾರದು ಎಂಬ ಜಗಳ ಬಹಳ ಕಾಲ ನಡೆಯಿತು. ಗ್ವಾದೆ ಹೆದರಿದ್ದು ಇಂಥದ್ದಕ್ಕೇ ಇರಬೇಕು. ಆದರೆ ಆ ಕಾಂಕ್ರೀಟ್ ಚೌಕಟ್ಟನ್ನು ಪೆರೆ ಸಹೋದರರ ಹೆಸರಿನಿಂದ ಬೇರೆ ಮಾಡಲು ನನಗಂತೂ ಮನಸ್ಸು ಬರುವುದಿಲ್ಲ.